ತೂಕ ಮುಚ್ಚಿಡಬೇಡ, ತಂಗಿ

ಮನೇಲಿ ಒಬ್ಬರಿಗೆ ದೊಡ್ಡ ಕಾಯಿಲೆ ಬಂದ್ರೆ ಸಾಕು, ಬೀದಿಯವರೆಲ್ಲ ಡಾಕ್ಟರಾಗಿಬಿಡ್ತಾರೆ. ಒಬ್ಬರು ಹಾಲು ಬೇಡ ಅಂತಾರೆ, ಇನ್ನೊಬ್ಬರು ಮೊಟ್ಟೆ ಮುಟ್ಟಬೇಡ ಅಂತಾರೆ, ಮತ್ತೊಬ್ಬರು ಎದ್ದು ಓಡಾಡಿದ್ರೆ ಕಾಯಿಲೆ ಮೈಯೆಲ್ಲ ಹರಡುತ್ತೆ ಅಂತಾರೆ. ಹೇಳೋರಿಗೇನು, ಹೇಳಿ ಮನೆಗೆ ಹೋಗ್ತಾರೆ. ಅನುಭವಿಸೋರು ಹಾಸಿಗೆ ಮೇಲಿರ್ತಾರೆ. ನಾನೂ ಹಾಗೆ ಹೇಳಿ ಮನೆಗೆ ಹೋದವಳೇ. ಅದಕ್ಕೇ ಈ ಕಥೆ ನಾನೇ ಹೇಳ್ಬೇಕು.

ನಾನು ಬಟ್ಟೆ ಹೊಲಿಯೋಳು. ನನ್ನ ಬಾಯಿ ನನ್ನ ಕತ್ತರಿಗಿಂತ ಹರಿತ ಅಂತ ಬೀದೀಲಿ ಆಡ್ಕೋತಾರೆ, ಆಡ್ಕೊಳ್ಳಲಿ. ನನ್ನ ಅಂಗಡಿ ಪಕ್ಕದಲ್ಲೇ ಬಡಗಿಯ ಮನೆ. ಮುಂದಿನ ಕೋಣೇಲಿ ಕೆಲಸ, ಹಿಂದಿನ ಎರಡು ಕೋಣೇಲಿ ಸಂಸಾರ. ಅವನು ಕುರ್ಚಿ, ಮಂಚ, ಬಾಗಿಲು ಮಾಡ್ತಾನೆ. ಅವನ ಹೆಂಡತಿ ಅದನ್ನೆಲ್ಲ ಉಜ್ಜಿ ಪಾಲಿಶ್ ಹೊಡೀತಿದ್ಲು. ಎಲ್ಲರೂ ಅವಳನ್ನ ಕರೆಯೋದೇ ಪಾಲಿಶ್ ತಂಗಿ ಅಂತ. "ನೀನು ಉಜ್ಜಿದ ಮೇಜಿನ ಮೇಲೆ ನೊಣ ಕೂತ್ರೂ ಜಾರಿ ಬೀಳುತ್ತೆ ಕಣೇ" ಅಂತ ನಾನು ರೇಗಿಸ್ತಿದ್ದೆ.

ಅವಳಿಗೆ ದೊಡ್ಡ ಕರುಳಲ್ಲಿ ಕ್ಯಾನ್ಸರ್ ಗಂಟು ಇದೆ ಅಂತ ಗೊತ್ತಾಯ್ತು. ಆಪರೇಷನ್ ಮಾಡಿ ತೆಗೆದ್ರು. ಕಣ್ಣಿಗೆ ಕಾಣದೆ ಏನಾದ್ರೂ ಉಳಿದಿದ್ರೆ ಅದೂ ಸಾಯಲಿ ಅಂತ ಮೂರು ವಾರಕ್ಕೊಂದರಂತೆ ಎಂಟು ಸಲ ಕೀಮೋ ಔಷಧಿ ಕೊಡ್ಬೇಕು ಅಂದ್ರು. ಮೊದಲನೇ ಸಲ ಹೋದಾಗ ಅವಳ ತೂಕ ಐವತ್ತೈದು ಕಿಲೋ. ಮೂರನೇ ಸಲಕ್ಕೆ ಐವತ್ತು. ಡಾಕ್ಟರಮ್ಮ ಮುಖ ಗಂಟು ಹಾಕ್ಕೊಂಡು, ಒಂದು ವಾರ ತಡ ಮಾಡಿ ಔಷಧಿ ಕೊಟ್ರು. "ಹೀಗೇ ಇಳೀತಾ ಹೋದ್ರೆ ಔಷಧಿ ತಡ್ಕೊಳ್ಳೋ ಶಕ್ತಿ ಇರಲ್ಲ. ನಿಲ್ಲಿಸಬೇಕಾಗುತ್ತೆ" ಅಂದ್ರು. ಊಟದ ಬಗ್ಗೆ, ವ್ಯಾಯಾಮದ ಬಗ್ಗೆ ಹೇಳ್ಕೊಡ್ತಾರೆ, ಪಕ್ಕದ ಕೋಣೆಗೆ ಹೋಗಿ ಅಂತ ಒಂದು ಚೀಟಿ ಕೊಟ್ರು. ಬಸ್ಸಿಗೆ ಹೊತ್ತಾಯ್ತು ಅಂತ ಗಂಡ ಹೆಂಡತಿ ಆ ಕೋಣೆಗೆ ಹೋಗಲೇ ಇಲ್ಲ.

'ನಿಲ್ಲಿಸಬೇಕಾಗುತ್ತೆ' ಅನ್ನೋ ಮಾತು ಮಾತ್ರ ಇಬ್ಬರ ಎದೇಲೂ ಕೂತುಬಿಡ್ತು.

ಬಡಗಿ ತನ್ನ ಕಸುಬಿನ ಲೆಕ್ಕ ಹಿಡಿದ. ಒಂದು ದಿನ ಅವಳನ್ನ ಸ್ನಾನದ ಮನೆಗೂ ತಾನೇ ಎತ್ಕೊಂಡು ಹೋಗೋದನ್ನ ನೋಡಿ ಕೇಳಿದೆ. "ಏನಪ್ಪಾ, ಕಾಲಿಗೇನಾಗಿದೆ ಅವಳಿಗೆ?"

"ಅಕ್ಕಾ, ಅಂಟು ಹಾಕಿ ಬಿಗಿದಿಟ್ಟ ಕುರ್ಚೀನ ಯಾರಾದ್ರೂ ಅಲ್ಲಾಡಿಸ್ತಾರಾ? ಒಣಗೋ ತನಕ ಮುಟ್ಟಬಾರದು. ಮುಟ್ಟಿದ್ರೆ ಸಂದು ಬಿಡುತ್ತೆ. ಹೊಟ್ಟೆ ಕುಯ್ದು ಹೊಲಿದಿದ್ದಾರೆ, ಮೇಲಿಂದ ಅಂಥಾ ಔಷಧಿ ಬೇರೆ. ಎಂಟೂ ಮುಗಿಯೋ ತನಕ ಅವಳು ಒಂದು ಕಡ್ಡಿ ಎತ್ತಬಾರದು."

"ಊಟ?"

"ಗಂಜಿ ತಿಳಿ. ಕಿಟಕಿ ಮಾಡಿಸೋಕೆ ಬಂದಿದ್ದ ಸಾಹುಕಾರರು ಹೇಳಿದ್ರು. ಹಾಲು, ಮೊಟ್ಟೆ, ಬೇಳೆ, ಸಕ್ಕರೆ ಕೊಟ್ರೆ ಅದು ನೇರ ಒಳಗೆ ಉಳಿದಿರೋ ಕಾಯಿಲೆಗೇ ಹೋಗುತ್ತಂತೆ. ಶತ್ರುವಿಗೆ ಯಾಕೆ ಊಟ ಹಾಕ್ಬೇಕು?"

ನಾನಾದ್ರೂ ಏನಂದೆ? "ಹೌದಪ್ಪ, ರೋಗಿಗೆ ವಿಶ್ರಾಂತಿ ಬೇಕು" ಅಂದು ನನ್ನ ಮಿಷನ್ ಮುಂದೆ ಹೋಗಿ ಕೂತೆ. ಎಲ್ಲದಕ್ಕೂ ಮೂಗು ತೂರಿಸೋಳು, ಬೇಕಾದಲ್ಲೇ ಬಾಯಿ ಮುಚ್ಕೊಂಡೆ. ಬಡಗಿ ಕೆಟ್ಟವನಲ್ಲ, ಅವನಷ್ಟು ಹೆಂಡತೀನ ಹಚ್ಕೊಂಡವನು ಈ ಬೀದೀಲಿಲ್ಲ. ಆ ಪ್ರೀತಿಯಿಂದಲೇ ಅವಳನ್ನ ಉಪವಾಸ ಕೆಡವಿದ್ದ.

ನಾಲ್ಕನೇ ಕೀಮೋಗೆ ನಾಲ್ಕು ದಿನ ಇತ್ತು. ಅವಳು ಗೋಡೆ ಹಿಡ್ಕೊಂಡು ನನ್ನ ಅಂಗಡಿಗೆ ಬಂದ್ಲು. ಗಂಡ ಮರ ತರೋಕೆ ಹೋಗಿದ್ದ. ಕೈಯಲ್ಲಿ ಒಂದು ದೊಗಲೆ ಗೌನು.

"ಅಕ್ಕಾ, ಇದರ ಒಳಗಡೆ ಸೊಂಟದ ಸುತ್ತ ಆರು ಜೇಬು ಇಟ್ಕೊಡು. ಬಟ್ಟೆ ಎರಡು ಪದರ ಇರಲಿ."

"ಆರು ಜೇಬಾ? ಬ್ಯಾಂಕ್ ಕೊಳ್ಳೆ ಹೊಡೀತೀಯಾ?"

"ಆಸ್ಪತ್ರೆ ಕಾಗದ, ಮಾತ್ರೆ, ಮೊಬೈಲು ಇಟ್ಕೊಳ್ಳೋಕೆ" ಅಂದ್ಲು. ನಕ್ಕಳು. ನಗುವಾಗ ಕೆನ್ನೆ ಒಳಗೆ ಹೋಗಿ ಹಲ್ಲು ಮಾತ್ರ ಕಾಣಿಸ್ತು. ಪಾಪ, ಕೇಳಿದ್ದು ಮಾಡ್ಕೊಡೋಣ ಅಂತ ಗಟ್ಟಿ ದಾರ ಹಾಕಿ ಹೊಲಿದುಕೊಟ್ಟೆ. ದುಡ್ಡೂ ತಗೊಳ್ಳಲಿಲ್ಲ, ದೊಡ್ಡ ಉಪಕಾರ ಮಾಡಿದೋಳ ಹಾಗೆ!

ನಾಲ್ಕನೇ ಕೀಮೋ ದಿನ ಆಸ್ಪತ್ರೆಗೆ ನಾನೂ ಹೋದೆ. ಬಡಗಿ ಆಸ್ಪತ್ರೆ ಕಾಗದ ಮಾಡಿಸೋ ಸಾಲಲ್ಲಿ ನಿಂತಿದ್ದ. ತೂಕದ ಕೋಣೆಗೆ ನಾನೇ ಅವಳ ಕೈ ಹಿಡ್ಕೊಂಡು ಕರ್ಕೊಂಡು ಹೋದೆ. ಅವಳು ತೂಕದ ಯಂತ್ರದ ಮೇಲೆ ಹತ್ತಿದ್ಲು. ಗೌನಿನ ಒಳಗಿಂದ ಟಣ್ ಅಂತ ಒಂದು ಸದ್ದು.

ನರ್ಸಮ್ಮನಿಗೆ ಕೇಳಿಸಲಿಲ್ಲ, ಅವರು ಹಿಂದಿನ ರೋಗಿ ಜೊತೆ ಮಾತಾಡ್ತಾ ಇದ್ರು. "ಐವತ್ತು" ಅಂತ ಬರ್ಕೊಂಡ್ರು. "ಒಳ್ಳೇದಾಯ್ತು, ಇಳಿದಿಲ್ಲ. ಔಷಧಿ ಕೋಣೆಗೆ ಕಳಿಸ್ತೀನಿ" ಅಂತ ಹೊರಟುಹೋದ್ರು.

ನಾನು ಅವಳ ಸೊಂಟಕ್ಕೆ ಕೈ ಹಾಕಿ ನೋಡಿದೆ. ಕಬ್ಬಿಣ. ದೊಡ್ಡ ಬಾಗಿಲಿಗೆ ಹಾಕೋ ಕೀಲುಗಳು, ಒಂದೊಂದೂ ಅರ್ಧ ಕಿಲೋ ತೂಗೋವು. ಆರು ಜೇಬಿಗೆ ಆರು.

"ಏನೇ ಇದು?"

"ದಮ್ಮಯ್ಯ ಅಕ್ಕಾ, ಬಾಯಿ ಬಿಡಬೇಡ. ಇಳಿದಿದೆ ಅಂತ ಗೊತ್ತಾದ್ರೆ ಔಷಧಿ ನಿಲ್ಲಿಸಿಬಿಡ್ತಾರೆ. ಔಷಧಿ ನಿಂತ್ರೆ ನಾನು ಉಳಿಯಲ್ಲ." ಅವಳ ಕೈ ನನ್ನ ಮಣಿಕಟ್ಟು ಹಿಡಿದಿತ್ತು. ಹಿಡಿತದಲ್ಲಿ ಶಕ್ತಿಯೇ ಇರಲಿಲ್ಲ.

ನಾನು ಸುಮ್ಮನಾದೆ. ಹೌದು, ನಾಚಿಕೆ ಬಿಟ್ಟು ಹೇಳ್ತೀನಿ, ಒಂದು ಗಂಟೆ ಸುಮ್ಮನಿದ್ದೆ. ಹೇಳಿದ್ರೆ ಇವಳ ಔಷಧಿ ನಿಲ್ಲುತ್ತೆ. ಹೇಳದಿದ್ರೆ ಏನಾಗುತ್ತೆ ಅಂತ ನನಗೆ ಗೊತ್ತಿಲ್ಲ. ಅತ್ತ ದರಿ, ಇತ್ತ ಪುಲಿ. ಅವಳನ್ನ ಒರಗು ಕುರ್ಚೀಲಿ ಕೂರಿಸಿದ್ರು, ಕೈ ಒರೆಸಿದ್ರು, ಸೂಜಿ ಹಾಕಿದ್ರು. ಬಡಗಿ ಪಕ್ಕದಲ್ಲಿ ನಿಂತು ಅವಳ ತಲೆ ಸವರ್ತಾ ಇದ್ದ.

ನರ್ಸಮ್ಮ ಔಷಧಿ ಚೀಲ ತಂದು ಕಂಬಕ್ಕೆ ನೇತುಹಾಕಿದ್ರು. ಚೀಲದ ಮೇಲಿದ್ದ ಚೀಟಿ ಓದಿ, "ಇನ್ನೊಂದು ಸಲ ಕೇಳ್ತೀನಮ್ಮ, ಯಾಕಂದ್ರೆ ಈ ಔಷಧಿ ನಿಮ್ಮ ಎತ್ತರ, ತೂಕ ನೋಡಿ ಅಳೆದು ಮಾಡಿರೋದು. ಐವತ್ತು ಕಿಲೋ, ಅಲ್ವಾ?" ಅಂದ್ರು.

ಅವಳು ತಲೆ ಆಡಿಸಿದ್ಲು.

ಅಳೆದು ಮಾಡಿರೋದು! ನನ್ನ ಕಸುಬೇ ಅಳತೆ. ಅಳತೆ ತಪ್ಪಿದ್ರೆ ನನ್ನ ಕೈಯಲ್ಲಿ ಒಂದು ಬಟ್ಟೆ ಹಾಳಾಗುತ್ತೆ, ಇಲ್ಲಿ ಹಾಳಾಗೋದು ಇವಳು. ನರ್ಸಮ್ಮನ ಬೆರಳು ನಳಿಕೆಯ ಗುಂಡಿ ಮೇಲಿತ್ತು.

"ನಿಲ್ಲಿ!" ಅಂತ ಕಿರುಚಿದೆ. ಇಡೀ ಕೋಣೆ ತಿರುಗಿ ನೋಡ್ತು. "ಐವತ್ತಿಲ್ಲಮ್ಮ, ಸುಳ್ಳು. ಒಳಗೆ ಕಬ್ಬಿಣ ಇದೆ. ಜೇಬು ನಾನೇ ಹೊಲಿದಿದ್ದು."

ಕೀಲುಗಳನ್ನ ತೆಗೆದು ಮತ್ತೆ ತೂಗಿದಾಗ ನಲವತ್ತೇಳು. ಚೀಲ ಇಳಿಸಿದ್ರು. ಸೂಜಿ ತೆಗೆದ್ರು. ಪಾಲಿಶ್ ತಂಗಿ ನನ್ನ ಕಡೆ ನೋಡಿ, "ನನ್ನ ಪ್ರಾಣ ತೆಗೆದೆಯಲ್ಲ ಅಕ್ಕಾ" ಅಂದ್ಲು. ಬಡಗಿ ಆ ಕೀಲುಗಳನ್ನ ಕೈಯಲ್ಲಿ ಹಿಡ್ಕೊಂಡು ಒಂದೊಂದಾಗಿ ಎಣಿಸ್ತಿದ್ದ. ಅವು ಅವನ ಅಂಗಡೀವೇ.

ಡಾಕ್ಟರಮ್ಮ ಬಂದ್ರು. ಬೈಯಲಿಲ್ಲ. "ಹತ್ತು ದಿನ ಕೊಡ್ತೀನಿ" ಅಂದ್ರು. "ತೂಕ ಇನ್ನು ಇಳಿಯಬಾರದು. ರಕ್ತ ಪರೀಕ್ಷೆ ಸರಿ ಬರಬೇಕು. ನಿಮ್ಮ ಕಾಲ ಮೇಲೆ ನೀವೇ ಈ ಕೋಣೆಗೆ ನಡ್ಕೊಂಡು ಬರಬೇಕು. ಬಂದ್ರೆ ಔಷಧಿ ಮುಂದುವರಿಸ್ತೀನಿ. ಇಲ್ಲಾಂದ್ರೆ ಬೇರೆ ದಾರಿ ಯೋಚನೆ ಮಾಡ್ಬೇಕಾಗುತ್ತೆ."

ಈ ಸಲ ಊಟ, ವ್ಯಾಯಾಮ ಹೇಳ್ಕೊಡೋ ಆ ಚೀಟಿಯ ಕೋಣೆಗೆ ನಾನೇ ಇಬ್ಬರನ್ನೂ ತಳ್ಕೊಂಡು ಹೋದೆ. ಅಲ್ಲಿ ಇದ್ದವರೂ ಒಬ್ಬ ನರ್ಸಮ್ಮನೇ, ವಯಸ್ಸಾದವರು. ಬಡಗಿ ಶುರು ಮಾಡ್ಕೊಂಡ. ಅಂಟು, ಸಂದು, ಒಣಗೋ ತನಕ ಮುಟ್ಟಬಾರದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅವರು ಪೂರ್ತಿ ಕೇಳಿಸಿಕೊಂಡು ಅಂದ್ರು: "ಅಣ್ಣಾ, ನೀವು ಅಂಟು ಹಾಕಿದ ಮರ ಊಟ ಮಾಡುತ್ತಾ?"

"ಮರ ಯಾಕಮ್ಮ ಊಟ ಮಾಡುತ್ತೆ?"

"ಇವರು ಮಾಡ್ತಾರೆ. ಇವರ ಗಾಯ ಒಣಗೋದು, ರಕ್ತ ಊರೋದು, ಎಲ್ಲ ಊಟದಿಂದಲೇ. ಊಟ ನಿಲ್ಲಿಸಿದ್ರೆ ಕಾಯಿಲೆ ಸಾಯಲ್ಲ ಅಣ್ಣಾ, ಇವರೇ ಸೊರಗ್ತಾರೆ. ದೇಹಕ್ಕೆ ಬೇಕಾದ್ದು ಸಿಗದೆ ಇದ್ರೆ ಅದು ತನ್ನ ಮಾಂಸವನ್ನೇ ಕರಗಿಸಿಕೊಂಡು ತಿನ್ನುತ್ತೆ. ಆ ಮೂರು ಕಿಲೋ ಎಲ್ಲಿ ಹೋಯ್ತು ಅಂದ್ಕೊಂಡ್ರಿ?"

"ಮತ್ತೆ ಏನು ತಿಂದ್ರೂ ವಾಂತಿ ಬರುತ್ತಲ್ಲ" ಅಂದ್ಲು ತಂಗಿ, ಮೆತ್ತಗೆ.

"ವಾಂತಿ ಮಾತ್ರೆ ಕೊಟ್ಟಿದ್ದಾರಲ್ಲ, ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಂಡ್ರಾ?"

"ವಾಂತಿ ಆದ್ಮೇಲೆ ತಗೋತಿದ್ದೆ."

ನರ್ಸಮ್ಮ ಹಣೆ ಚಚ್ಕೊಳ್ಳಲಿಲ್ಲ, ನಾನು ಚಚ್ಕೊಂಡೆ. ಅವರು ನಿಧಾನವಾಗಿ ಹೇಳ್ತಾ ಹೋದ್ರು. ಮೂರು ಹೊತ್ತು ತಟ್ಟೆ ತುಂಬಾ ಬೇಡ, ಎರಡು ಗಂಟೆಗೊಂದು ಸಲ ಸ್ವಲ್ಪ ಸ್ವಲ್ಪ. ಪ್ರತಿ ಸಲ ಮೈಗೆ ಬಲ ಕೊಡೋದು ಏನಾದ್ರೂ ಇರಲಿ: ಚೆನ್ನಾಗಿ ಬೆಂದ ಮೊಟ್ಟೆ, ಹಾಲು, ಮೊಸರು, ಬೇಳೆ, ಮೀನು, ಯಾವುದು ಒಗ್ಗುತ್ತೋ ಅದು. ಗಂಜಿ ಕುಡೀತೀರಾ, ಕುಡೀರಿ, ಬೇಳೆ ಹಾಕಿ ಗಟ್ಟಿ ಮಾಡಿ, ಮೇಲೆ ಒಂದು ಚಮಚ ಎಣ್ಣೆನೋ ಬೆಣ್ಣೆನೋ ಬಿಡಿ. ನೀರು ಕುದಿಸಿ ಆರಿಸಿ ಕುಡೀರಿ, ಹಸಿಯಾಗಿರೋದು, ಅರೆಬೆಂದಿದ್ದು ಬೇಡ. ಯಾರೋ ಹೇಳಿದ್ರು ಅಂತ ಬೇರು, ಪುಡಿ ನಮ್ಮನ್ನ ಕೇಳದೆ ನುಂಗಬೇಡಿ.

"ಓಡಾಟ?" ಬಡಗಿ ಇನ್ನೂ ಬಿಗಿದುಕೊಂಡೇ ಇದ್ದ.

"ಡಾಕ್ಟರು ಇವರ ಹೊಲಿಗೆ ನೋಡಿ ಆಗಬಹುದು ಅಂತ ಬರೆದಿದ್ದಾರೆ. ಭಾರ ಎತ್ತೋದು ಬೇಡ. ಮೊದಲು ಹಾಸಿಗೇಲೇ ಪಾದ ಮೇಲೆ ಕೆಳಗೆ ಆಡಿಸಲಿ. ಆಮೇಲೆ ಕೋಣೆಯಿಂದ ಬಾಗಿಲಿಗೆ, ಬಾಗಿಲಿಂದ ಕೋಣೆಗೆ, ಬೆಳಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ಕುರ್ಚಿಯಿಂದ ಎದ್ದು ಕೂರೋದು ಐದು ಸಲ. ನಡೀತಾ ಮಾತಾಡೋಕೆ ಆಗ್ಬೇಕು. ಮಾತು ಕಟ್ಟಿದ್ರೆ ನಿಲ್ಲಿಸಿ. ತಲೆ ಸುತ್ತಿದ್ರೆ, ಎದೆ ನೋವು ಬಂದ್ರೆ, ಜ್ವರ ಕಾಣಿಸಿದ್ರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಬನ್ನಿ."

"ಅವಳಿಗೆ ಕೂತಲ್ಲೇ ಸುಸ್ತು, ನಡೆದ್ರೆ?"

"ಈ ಸುಸ್ತು ಮಲಗಿದ್ರೆ ಹೋಗೋ ಸುಸ್ತಲ್ಲ ಅಣ್ಣಾ. ಮಲಗಿದಷ್ಟೂ ಹೆಚ್ಚುತ್ತೆ."

ಬಡಗಿ ತಲೆ ಆಡಿಸಿದ. ಒಪ್ಪಿ ಆಡಿಸಿದ್ದಲ್ಲ, ಅದು ನನಗೆ ಗೊತ್ತಿತ್ತು.

ಮೊದಲ ಮೂರು ದಿನ ಹೇಗೋ ನಡೀತು. ಹೊತ್ತಿಗೆ ಸರಿಯಾಗಿ ಮಾತ್ರೆ, ಅರ್ಧ ಮೊಟ್ಟೆ, ಅರ್ಧ ಲೋಟ ಬೆಚ್ಚಗಿನ ಹಾಲು. ಪಾಲಿಶ್ ತಂಗಿ ನನ್ನ ಜೊತೆ ಮಾತು ಬಿಟ್ಟಿದ್ಲು. ನಾನು ಹೋಗಿ ಕೈ ಹಿಡಿದು ನಡೆಸ್ತಿದ್ದೆ, ಅವಳು ಗೋಡೆ ನೋಡ್ಕೊಂಡು ನಡೀತಿದ್ಲು. ನಡೆಯುವಾಗ ಮಾತಾಡಬೇಕಂತೆ ಕಣೇ ಅಂದ್ರೆ, ಒಂದು ಎರಡು ಅಂತ ಹೆಜ್ಜೆ ಎಣಿಸೋಳು. ಇರಲಿ, ಅದೂ ಮಾತೇ.

ನಾಲ್ಕನೇ ದಿನ ಸಂಜೆ ಬಾಗಿಲ ತನಕ ಬಂದೋಳು ಅಲ್ಲೇ ಕುಸಿದು ವಾಂತಿ ಮಾಡ್ಕೊಂಡ್ಲು. ತಿಂದಿದ್ದೆಲ್ಲ ಹೋಯ್ತು. ಬಡಗಿ ಉಳಿ ಬಿಸಾಕಿ ಓಡಿ ಬಂದ. ಅವಳನ್ನ ಎತ್ಕೊಂಡು ಹಾಸಿಗೆ ಮೇಲೆ ಹಾಕಿ ನನ್ನ ಕಡೆ ತಿರುಗಿದ. ಅವನನ್ನ ಹಾಗೆ ನಾನು ಯಾವತ್ತೂ ನೋಡಿರಲಿಲ್ಲ.

"ಸಾಕು ಅಕ್ಕಾ! ನೀವು, ನಿಮ್ಮ ನರ್ಸಮ್ಮ ಸೇರಿ ಇವಳನ್ನ ಕೊಂದುಬಿಡ್ತೀರ. ಇನ್ನು ಇವಳು ಏಳಲ್ಲ. ಗಂಜಿ ತಿಳಿ ಸಾಕು. ನೀವು ಹೊರಡಿ."

ನನಗೂ ಸಿಟ್ಟು ನೆತ್ತಿಗೇರಿತು. ಬಾಯಿ ತೆಗೆದೆ. ಅಷ್ಟರಲ್ಲಿ ಹಾಸಿಗೆಯಿಂದ ಮಾತು ಬಂತು.

"ರೀ, ನಿಮ್ಮ ಕೈ ಮುರಿದಿತ್ತಲ್ಲ, ನೆನಪಿದೆಯಾ?"

ಬಡಗಿ ಹಾಸಿಗೆ ಕಡೆ ತಿರುಗಿದ.

"ಆರು ವಾರ ಪ್ಲಾಸ್ಟರ್ ಹಾಕಿದ್ರು. ಬಿಚ್ಚಿದಾಗ ಕೈ ಹೇಗಿತ್ತು? ಕಡ್ಡಿ ಹಾಗಿತ್ತು. ಸುತ್ತಿಗೆ ಹಿಡಿಯೋಕೆ ಆಗಲ್ಲ ಅಂತ ನೀವು ಅತ್ತಿದ್ರಿ. ನಿಮಗೆ ಆಗ ಯಾವ ಕಾಯಿಲೆ ಇತ್ತು? ಅಲ್ಲಾಡಿಸದೆ ಇಟ್ಟಿದ್ದಕ್ಕೇ ಅಲ್ವಾ ಹಾಗಾಗಿದ್ದು? ಆಮೇಲೆ ದಿನಾ ಚೆಂಡು ಹಿಸುಕಿ ಹಿಸುಕಿ ಸರಿ ಮಾಡ್ಕೊಂಡ್ರಿ. ನೋವು ಅಂತ ನೀವು ಬಿಟ್ರಾ?" ಅವಳಿಗೆ ಉಸಿರು ಸಾಲದೆ ನಿಲ್ಲಿಸಿದ್ಲು. "ನೀವು ನನ್ನ ಇಡೀ ಮೈಗೆ ಪ್ಲಾಸ್ಟರ್ ಹಾಕಿದ್ದೀರ. ನನಗೆ ಭಯ ಆಗುತ್ತೆ ರೀ. ನಾನು ಬದುಕಬೇಕು."

ಅವನು ಮಂಚದ ಕಾಲ ಹತ್ರ ಕುಸಿದು ಕೂತ. ತನ್ನ ಬಲಗೈ ತಿರುಗಿಸಿ ತಿರುಗಿಸಿ ನೋಡ್ಕೊಂಡ. ಆಮೇಲೆ ಎದ್ದು, ನನ್ನ ಮುಖ ನೋಡದೆ, "ನರ್ಸಮ್ಮನ ಫೋನ್ ನಂಬರ್ ಚೀಟೀಲಿದೆ ಅಕ್ಕಾ, ವಾಂತಿ ಆಯ್ತು ಅಂತ ಕೇಳಿ" ಅಂದ.

ಕೇಳಿದೆ. ಜ್ವರ ಇದೆಯಾ ಅಂತ ನೋಡಿಸಿದ್ರು, ಇರಲಿಲ್ಲ. ಊಟ ಆದ ತಕ್ಷಣ ನಡೆಸಿದ್ರಾ ಅಂತ ಕೇಳಿದ್ರು. ನಡೆಸಿದ್ದೆ! ಬುದ್ಧಿ ಎಲ್ಲಿಟ್ಟಿದ್ದೆನೋ. "ಒಂದು ಗಂಟೆ ಬಿಟ್ಟು ನಡೆಸಿ. ಈಗ ಗುಟುಕು ಗುಟುಕಾಗಿ ನೀರು ಕೊಡಿ, ಒಂದು ಗಂಟೆ ಆದ್ಮೇಲೆ ಎರಡು ಚಮಚ ಗಂಜಿ. ಮತ್ತೆ ವಾಂತಿ ಆದ್ರೆ, ನೀರೂ ನಿಲ್ಲದೆ ಇದ್ರೆ ಕರ್ಕೊಂಡು ಬನ್ನಿ" ಅಂದ್ರು. ಆ ಎರಡು ಚಮಚ ನಿಂತಿತು. ಆಮೇಲಿನ ನಾಲ್ಕು ಚಮಚವೂ ನಿಂತಿತು.

ಮಾರನೇ ದಿನ ಬೆಳಗ್ಗೆ ಅವರ ಮನೇಲಿ ಡಬ ಡಬ ಸದ್ದು. ಹೋಗಿ ನೋಡಿದ್ರೆ ಬಡಗಿ ಮಂಚದಿಂದ ಬಾಗಿಲ ತನಕ ಗೋಡೆ ಉದ್ದಕ್ಕೂ ಹಿಡ್ಕೊಳ್ಳೋಕೆ ಒಂದು ಮರದ ಕಂಬಿ ಕೂರಿಸ್ತಾ ಇದ್ದಾನೆ. ಮೊದಲು ಅವಳನ್ನ ನಿಲ್ಲಿಸಿ, ಅವಳ ಕೈ ಎಲ್ಲಿಗೆ ಬರುತ್ತೆ ಅಂತ ಗುರುತು ಹಾಕಿದ್ದ. ಕುರ್ಚಿ ಕಾಲಿಗೆ ಮರದ ತುಂಡು ಕೊಟ್ಟು ಎತ್ತರ ಮಾಡಿದ್ದ, ಏಳೋಕೆ ಸುಲಭ ಆಗಲಿ ಅಂತ. ಗರಗಸದ ಧೂಳು, ಪಾಲಿಶ್ ವಾಸನೆ ಅವಳ ಹತ್ರ ಬರಬಾರದು ಅಂತ ಮರ ಕುಯ್ಯೋ ಕೆಲಸ ಹೊರಗಿನ ಚಪ್ಪರಕ್ಕೆ ಹಾಕಿದ್ದ.

ಅವಳು ಕಂಬಿ ಹಿಡ್ಕೊಂಡು ಹೊರಟ್ಲು. ಅರ್ಧ ದಾರೀಲಿ ನಿಂತು ಕಂಬಿ ಮೇಲೆ ಬೆರಳಾಡಿಸಿದ್ಲು.

"ಏನ್ರೀ ಇದು, ಒರಟು. ಸರಿಯಾಗಿ ಉಜ್ಜೇ ಇಲ್ಲ."

ಬಡಗಿ ನಕ್ಕ. ನಾನು ತೋಳಲ್ಲೇ ಕಣ್ಣು ಒರೆಸ್ಕೊಂಡೆ. ಅವಳು ನನ್ನ ಕಡೆ ತಿರುಗಿ, "ನೀನ್ಯಾಕೆ ಅಲ್ಲಿ ಗೂಟದ ಹಾಗೆ ನಿಂತಿದ್ದೀಯ, ಬಾ, ಕೈ ಕೊಡು" ಅಂದ್ಲು. ಐದು ದಿನದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು.

ಹತ್ತನೇ ದಿನ. ಆಸ್ಪತ್ರೆ ಬಾಗಿಲಿಂದ ಆ ಕೋಣೆ ತನಕ ನೂರ ಮೂವತ್ತೆರಡು ಹೆಜ್ಜೆ. ಗಾಲಿ ಕುರ್ಚಿ ತಂದ್ರು, ಅವಳು ಬೇಡ ಅಂದ್ಲು. ಎಪ್ಪತ್ತಕ್ಕೆ ಒಂದು ಸಲ ನಿಂತ್ಲು. ಬಡಗಿಯ ಕೈ ಅವಳನ್ನ ಎತ್ತೋಕೆ ಮುಂದೆ ಹೋಯ್ತು. ಹೋದ ಕೈಯನ್ನ ಅವನೇ ಹಿಂದಕ್ಕೆ ಎಳ್ಕೊಂಡ. ಅವಳು ಉಸಿರು ತಗೊಂಡು ಮತ್ತೆ ಹೊರಟ್ಲು.

ತೂಕದ ಯಂತ್ರದ ಮುಂದೆ ನರ್ಸಮ್ಮ ಅವಳ ಮುಖ ನೋಡಿದ್ರು. ಅವಳು ತೆಳು ಅಂಗಿ ಹಾಕ್ಕೊಂಡಿದ್ಲು, ಕೈಯೆರಡೂ ಅಗಲಿಸಿ ತೋರಿಸಿದ್ಲು. ಹತ್ತಿದ್ಲು. ಅಂಕಿ ಓಡ್ತಾ ಇತ್ತು. ನಲವತ್ತಾರು ಮುಕ್ಕಾಲು, ನಲವತ್ತೇಳು, ಮತ್ತೆ ಕೆಳಗೆ. ನಾನು ಕಣ್ಣು ಮುಚ್ಕೊಂಡೆ.

"ನಲವತ್ತೇಳು ಕಿಲೋ ನಾನೂರು ಗ್ರಾಂ" ಅಂದ್ರು ನರ್ಸಮ್ಮ.

ನಾನೂರು ಗ್ರಾಂ! ಅಂಗಡೀಲಿ ಯಾರೂ ಕೇಳದ ತೂಕ. ಬಡಗಿ ಗೋಡೆಗೆ ಹಣೆ ಕೊಟ್ಟು ಬಿಕ್ಕಿ ಬಿಕ್ಕಿ ಅತ್ತ. ರಕ್ತ ಪರೀಕ್ಷೆ ಬರೋ ತನಕ ನಮ್ಮ ಜೀವ ಕೈಯಲ್ಲಿತ್ತು. ಅದೂ ಸರಿ ಬಂತು. ಡಾಕ್ಟರಮ್ಮ ಅವಳ ಈಗಿನ ತೂಕಕ್ಕೆ ಸರಿಯಾಗಿ ಔಷಧಿ ಬರೆದ್ರು. ನರ್ಸಮ್ಮ ಚೀಲ ತಂದು, ಚೀಟಿ ಓದಿ, "ನಲವತ್ತೇಳು, ಅಲ್ವಾ?" ಅಂದ್ರು.

"ಹೌದು" ಅಂದ್ಲು ಪಾಲಿಶ್ ತಂಗಿ. ಕೋಣೆಗೆಲ್ಲ ಕೇಳೋ ಹಾಗೆ ಅಂದ್ಲು.

ಇನ್ನೂ ನಾಲ್ಕು ಸಲ ಬಾಕಿ ಇದೆ. ಮುಂದೆ ಏನಾಗುತ್ತೋ ನನಗೆ ಗೊತ್ತಿಲ್ಲ, ಡಾಕ್ಟರಮ್ಮನೂ ಮಾತು ಕೊಟ್ಟಿಲ್ಲ. ಊಟ, ನಡಿಗೆ ಔಷಧಿಯ ಬದಲಿಗೆ ಅಲ್ಲ. ಔಷಧಿ ತಡ್ಕೊಳ್ಳೋಕೆ ಮೈಗೆ ಬಲ ಬೇಕಲ್ಲ, ಅದಕ್ಕೆ.

ಈಗ ನಿಮಗೆ ಹೇಳ್ತೀನಿ, ಕಿವಿಗೊಟ್ಟು ಕೇಳಿ. ನಿಮ್ಮ ಮನೇಲೋ ಪಕ್ಕದ ಮನೇಲೋ ಕ್ಯಾನ್ಸರ್ ಚಿಕಿತ್ಸೆ ತಗೋತಿರೋರು ಇದ್ರೆ, ಅವರನ್ನ ಉಪವಾಸ ಕೆಡವಬೇಡಿ, ಹಾಸಿಗೆಗೆ ಅಂಟಿಸಬೇಡಿ. ಇವರಿಗೆ ಏನು ತಿನ್ನಿಸಲಿ, ಎಷ್ಟು ನಡೆಸಲಿ ಅಂತ ಆಸ್ಪತ್ರೇಲಿ ಬಾಯಿಬಿಟ್ಟು ಕೇಳಿ. ಒಬ್ಬೊಬ್ಬರ ಮೈಗೆ ಒಂದೊಂದು ಅಳತೆ, ಬೀದೀಲಿ ಕೇಳಬೇಡಿ, ನನ್ನನ್ನೂ ಕೇಳಬೇಡಿ. ತೂಕ ಇಳಿದ್ರೆ, ಊಟ ಸೇರದಿದ್ರೆ ಅವತ್ತೇ ಹೇಳಿ. ಹೇಳಿದ್ರೆ ಯಾರೂ ನಿಮ್ಮನ್ನ ಕೈಬಿಡಲ್ಲ.

ಹೇಗಿದ್ದೀಯ ಅಂತ ರೋಗಿಯನ್ನ ಎಲ್ಲರೂ ಕೇಳ್ತಾರೆ. ಅವರು ಚೆನ್ನಾಗಿದ್ದೀನಿ ಅಂತ ಸುಳ್ಳು ಹೇಳ್ತಾರೆ, ಪಾಪ. ನೀವು ಹಾಗೆ ಕೇಳಬೇಡಿ. ಇವತ್ತು ಏನು ತಿಂದೆ, ಎಷ್ಟು ಹೆಜ್ಜೆ ನಡೆದೆ ಅಂತ ಕೇಳಿ. ಕೇಳಿ ಸುಮ್ಮನೆ ನಿಲ್ಲಬೇಡಿ, ಅವರ ಜೊತೆ ನೀವೂ ನಾಲ್ಕು ಹೆಜ್ಜೆ ಹಾಕಿ.